ನರಸಯ್ಯ ಗೆದ್ದ ಮಾಗಡಿ ಕುಸ್ತಿ

ಟಿವಿ ಗೇಮಿನ ಕುಸ್ತಿಯಲ್ಲಿ ಪೈಲ್ವಾನ್ ನರಸಯ್ಯ ಪ್ರತಿ ಭಾನುವಾರ ಸೋಲುತ್ತಿದ್ದುದು ಕೈಯ ದೋಷದಿಂದಲ್ಲ, ಕಲಿತ ವಿದ್ಯೆಯ ದೋಷದಿಂದ. ಎದುರಾಳಿಯನ್ನು ಎತ್ತಿ ಅಂಗಾತ ಕೆಡವಿದ ಮರುಕ್ಷಣವೇ ಅವನು ರಿಮೋಟನ್ನು ಚಾಪೆಯ ಮೇಲಿಟ್ಟು, ಕೈ ಕುಲುಕಲು ಪಕ್ಕದಲ್ಲಿ ಕೂತು ಆಡುತ್ತಿದ್ದ ಗೆಳೆಯ ಶುಕೂರನ ಕಡೆ ತಿರುಗುತ್ತಿದ್ದ. ಗರಡಿಯಲ್ಲಿ ಎರಡೂ ಭುಜ ತಾಗಿ ಬೆನ್ನು ಮಣ್ಣು ಕಂಡರೆ ಕುಸ್ತಿ ಮುಗಿಯಿತು. ಟಿವಿಯ ಪೈಲ್ವಾನರಿಗೆ ಅಂಥ ಮರ್ಯಾದೆಯಿಲ್ಲ. ಕೆಡವಿದವನು ಮೇಲೆ ಬಿದ್ದು ಅದುಮಿಕೊಂಡಿರಬೇಕು, ಪಟ್ಟೆ ಅಂಗಿಯ ರೆಫ್ರಿ ಬಗ್ಗಿ ನೋಡಿ ನೆಲ ಬಡಿದು ಮೂರು ಎಣಿಸಬೇಕು. ನರಸಯ್ಯ ಕೈ ಚಾಚಿಕೊಂಡು ಕೂತಿರುವಷ್ಟರಲ್ಲಿ ಶುಕೂರನ ಕೆಂಪು ಚಡ್ಡಿಯವನು ಎದ್ದು, ನರಸಯ್ಯನ ಹಸಿರು ಚಡ್ಡಿಯವನನ್ನು ಹಗ್ಗದಾಚೆ ಎಸೆದಾಗಿರುತ್ತಿತ್ತು.

“ಕೈ ಆಮ್ಯಾಕ್ ಕೊಡೀವಂತೆ ಕಣ್ಲಾ ಗೂಬೆ, ನಿನ್ ಆಳು ಎಲ್ ಬಿದ್ದವ್ನೆ ನೋಡ್ಕೊ ಮೊದ್ಲು!” ಎಂದು ಶುಕೂರ ತೊಡೆ ತಟ್ಟಿ ನಗುತ್ತಿದ್ದ.

“ಕೆಡವಿದ್ ಮ್ಯಾಲೂ ಎದ್ ಬರ್ತಾನಲ್ಲ ಬಡ್ಡೈದ, ನಾಚ್ಕೆ ಬ್ಯಾಡ್ವಾ ಇವ್ನಿಗೆ?” ಎಂದು ನರಸಯ್ಯ ಗೊಣಗುತ್ತಿದ್ದ.

ಅಡುಗೆಮನೆಯಿಂದ ಅಂಬುಜಮ್ಮ, “ಮದ್ವೆ ಆದಾಗಿಂದ ಒಂದ್ ಕೊಡ ನೀರ್ ಎತ್ತಿಲ್ಲ. ಟಿವೀಲಿ ಮಾತ್ರ ಆಳುದ್ದ ಆಳ್ನ ಎತ್ತಿ ಒಗೀತಾರೆ. ಶುಕೂರಣ್ಣ, ಆ ಪಾಪದೋರ ಬದ್ಲು ನಮ್ಮ ಹಂಡೆ ಎತ್ತುಸ್ಬಾರ್ದಾ ಇವ್ರ ಕೈಲಿ?” ಎನ್ನುತ್ತಿದ್ದಳು.

ಅಂಬುಜಮ್ಮನಿಗೆ ಆ ಟಿವಿ ಗೇಮಿನ ಮೇಲೆ ಹಗೆಯಿತ್ತು. ಬಿಡದಿ ಕಡೆ ಫ್ಯಾಕ್ಟರಿಗಳು ಎದ್ದಾಗ ಜಮೀನಿದ್ದವರಿಗೆ ದುಡ್ಡು ಬಂತು, ಓದಿದವರಿಗೆ ಕುರ್ಚಿ ಬಂತು, ಪೈಲ್ವಾನರಿಗೆ ಗೇಟು ಬಂತು. ನರಸಯ್ಯ ಸಾಮು ಮಾಡಿದ ಗರಡಿಯ ಜಾಗದಲ್ಲಿ ಗೋಡೌನ್ ಎದ್ದಿತು. ಅದರ ಗೇಟಿಗೆ ನರಸಯ್ಯನೇ ಸೆಕ್ಯೂರಿಟಿ. ಆಯುಧಪೂಜೆಗೆ ಅಲ್ಲಿ ಲಕ್ಕಿ ಡ್ರಾ ಎತ್ತಿದರು. ಅಂಬುಜಮ್ಮ ಮಿಕ್ಸಿಗೆಂದು ಅರ್ಕಾವತಿ ದಂಡೆಯ ದೇವರಿಗೆಲ್ಲ ಕೈ ಮುಗಿದಿದ್ದಳು. ಮಿಕ್ಸಿ ಇನ್ನೊಂದು ಗೇಟಿನವನಿಗೆ ಹೋಯಿತು. ಅವನಿಗೆ ಮದುವೆಯೇ ಆಗಿರಲಿಲ್ಲ. ನರಸಯ್ಯನಿಗೆ ಬಂದದ್ದು ಎರಡು ರಿಮೋಟು, ಒಂದು ಹಳದಿ ಕ್ಯಾಸೆಟ್ಟು. ಅದರಲ್ಲಿ ಕಾರು, ವಿಮಾನ, ಬಾತುಕೋಳಿ ಹೊಡೆಯುವ ಆಟ, ಏನೇನೋ ಇದ್ದವು. ಇವರಿಬ್ಬರಿಗೆ ಬೇಕಾದದ್ದು ಕುಸ್ತಿಯೊಂದೇ.

ಶುಕೂರ ರಾಮನಗರದಲ್ಲೇ ರೇಷ್ಮೆ ನೂಲು ಬಿಚ್ಚುವವನು. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಎಳೆ ಹುಡುಕಿ ಹುಡುಕಿ ಅವನ ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿದ್ದವು. ಆ ಬೆರಳು ರಿಮೋಟಿನ ಮೇಲೆ ಓಡುವುದು ನೋಡಿದರೆ ನರಸಯ್ಯನಿಗೆ ಒಂದು ಕಡೆ ಸಂತೋಷ, ಇನ್ನೊಂದು ಕಡೆ ಎದೆಯಲ್ಲಿ ಮುಳ್ಳು. ಯಾಕೆಂದರೆ ಆ ಕೈಗಳನ್ನು ಬಿಸಿನೀರಿಗೆ ಇಳಿಸಿದವನು ತಾನೇ ಎಂಬುದು ಅವನಿಗೆ ಗೊತ್ತಿತ್ತು.

ಎಪ್ಪತ್ತಮೂರರಲ್ಲಿ ಮಾಗಡಿಯಲ್ಲಿ ಇವರಿಬ್ಬರಿಗೆ ಜೋಡಿ ಕಟ್ಟಿದ್ದರು. ಶುಕೂರನ ಅಪ್ಪ, “ಗೆದ್ರೆ ಕುಸ್ತಿ, ಸೋತ್ರೆ ಗೂಡು” ಎಂದು ಹೇಳಿಯೇ ಮಗನನ್ನು ಕಳಿಸಿದ್ದ. ಮುಕ್ಕಾಲು ಗಂಟೆ ಹಿಡಿದಾಡಿದರು. ಕೊನೆಗೆ ನರಸಯ್ಯ ಕಾಲು ಕೊಟ್ಟು ಕೆಡವಿ ಮೇಲೆ ಬಿದ್ದ. ಜನ ಹೋ ಎಂದರು. ತೀರ್ಪುಗಾರರು ಅತ್ತ ಬದಿಗಿದ್ದವರು, ಜನರ ಕೂಗು ಕೇಳಿ ನರಸಯ್ಯನ ಕೈ ಎತ್ತಿಬಿಟ್ಟರು. ಆದರೆ ನರಸಯ್ಯನ ಮುಖ ಶುಕೂರನ ಎಡಭುಜದ ಪಕ್ಕದಲ್ಲೇ ಇತ್ತು. ಭುಜಕ್ಕೂ ಮಣ್ಣಿಗೂ ನಡುವೆ ಎರಡು ಬೆರಳಿನಷ್ಟು ಸಂದು ಅವನಿಗೆ ಚೆನ್ನಾಗಿ ಕಂಡಿತ್ತು. ‘ತಾಗಿಲ್ಲ ಸ್ವಾಮಿ’ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಯಾರೋ ಅವನನ್ನು ಹೆಗಲ ಮೇಲೆ ಎತ್ತಿಕೊಂಡರು. ಮೇಲಕ್ಕೇರಿದವನಿಗೆ ಕೆಳಗಿನ ಸತ್ಯ ಹೇಳುವುದು ಕಷ್ಟ. ಇಪ್ಪತ್ತೈದು ವರ್ಷದವನಿಗಂತೂ ಇನ್ನೂ ಕಷ್ಟ. ಅಂದಿನಿಂದ ಅವನ ಹೆಸರಿನ ಮುಂದೆ ಪೈಲ್ವಾನ್ ಅಂಟಿಕೊಂಡಿತು.

ಮಾರನೇ ತಿಂಗಳು ಶುಕೂರ ತಾನೇ ಹುಡುಕಿಕೊಂಡು ಬಂದಿದ್ದ. “ಏನ್ಲಾ, ಗೆದ್ಬುಟ್ಟೆ ಅಂತ ಮಾತ್ ಬುಟ್ಟಿದ್ಯಾ?” ಎಂದಿದ್ದ. ಆವತ್ತಿನಿಂದ ಹಬ್ಬಕ್ಕೆ ಒಬ್ಬಟ್ಟು ಅತ್ತ ಹೋಯಿತು, ರಂಜಾನಿಗೆ ಶಾವಿಗೆ ಇತ್ತ ಬಂತು. ನರಸಯ್ಯನ ಎದೆಯೊಳಗಿನ ಮಾತು ಮಾತ್ರ ಎಲ್ಲೂ ಹೋಗದೆ ಅಲ್ಲೇ ಕೂತಿತ್ತು. ಹೇಳದೆ ಸತ್ತರೆ ಹೇಗೆ ಎಂಬ ಭಯ ಐವತ್ತು ದಾಟಿದ ಮೇಲೆ ಶುರುವಾಗಿತ್ತು.

ಒಂದು ಭಾನುವಾರ ಮಧ್ಯಾಹ್ನ ನರಸಯ್ಯ ಎಂದಿಲ್ಲದಂತೆ ಜಾಣನಾಗಿ, ಕೆಡವಿದ ಮೇಲೂ ರಿಮೋಟು ಬಿಡಲಿಲ್ಲ. ಹಸಿರು ಚಡ್ಡಿ ಕೆಂಪು ಚಡ್ಡಿಯ ಮೇಲೆ ಬಿದ್ದಿತು. ರೆಫ್ರಿ ಒಂದು ಎಂದ, ಎರಡು ಎಂದ. ಶುಕೂರನ ಬೆರಳು ಟಪಟಪ ಬಡಿದವು. ಕೆಂಪು ಚಡ್ಡಿಯವನು ಭುಜ ಎತ್ತಿದ. ರೆಫ್ರಿ ಎಣಿಕೆ ನಿಲ್ಲಿಸಿದ.

“ನೋಡ್ದಾ? ಈ ರೆಫ್ರಿ ನನ್ ಮಗನ್ ಮೇಲೆ ನಂಗ್ ಬೋ ಪ್ರೀತಿ ಕಣ್ಲಾ,” ಎಂದ ಶುಕೂರ. “ಭುಜ ಒಸಿ ಎದ್ರೂ ಕಂಡ್ಬುಡ್ತಾನೆ. ಮಾಗ್ಡೀಲಿ ಇವ್ನೊಬ್ಬ ಇದ್ದಿದ್ರೆ ಇವತ್ತು ಗೇಟ್ ಕಾಯೋ ಕೆಲ್ಸ ನಂಗ್ ಸಿಕ್ತಿತ್ತು!”

ತಮಾಷೆಗೇ ಹೇಳಿದ್ದು. ನರಸಯ್ಯನಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗದು ಅನ್ನಿಸಿತು.

“ಶುಕೂರ, ಆವತ್ತು ನಿನ್ ಎಡಭುಜ ತಾಗಿರ್ಲಿಲ್ಲ.”

“ಅದ್ನ ನೀನೇನ್ಲಾ ನಂಗ್ ಹೇಳೋದು? ಭುಜ ನಂದು.”

“ನಾನೂ ನೋಡ್ದೆ ಕಣ್ಲಾ. ಎರಡ್ ಬೆರಳು ಸಂದಿತ್ತು.”

ಶುಕೂರನ ಹೆಬ್ಬೆರಳು ನಿಂತಿತು. ಟಿವಿಯಲ್ಲಿ ಇಬ್ಬರು ಪೈಲ್ವಾನರೂ ಯಾರೂ ಆಡಿಸುವವರಿಲ್ಲದೆ ನಿಂತಲ್ಲೇ ಕುಣಿಯತೊಡಗಿದರು.

“ನೋಡಿದ್ಯಾ?”

“ಊಂ.”

“ಆವತ್ತು ಎದ್ಮೇಲೆ ಕಣ್ ಉಜ್ಕಂತಿದ್ಯಲ್ಲಾ?”

“ನಿನ್ ಮುಖ ನೋಡಕ್ ಆಗ್ನಿಲ್ಲ. ಅದುಕ್ಕೆ.”

ಶುಕೂರ ಚಾಪೆಯ ಅಂಚಿನ ಎಳೆಯೊಂದನ್ನು ಬಿಡಿಸಿದ. ಆಮೇಲೆ ಮೆಲ್ಲಗೆ ಹೇಳಿದ: “ನಾನು ಕಣ್ಣಿಗ್ ಮಣ್ ಹೋಗೈತೆ ಅಂದ್ಕಂಡಿದ್ದೆ. ಅಬ್ಬಾಗೂ ಅದೇ ಹೇಳ್ದೆ. ‘ಅವ್ನಿಗ್ ಕಂಡಿಲ್ಲ ಅಬ್ಬಾ, ಕಂಡಿದ್ರೆ ಅವ್ನೇ ಹೇಳೋನು’ ಅಂತ. ಅಬ್ಬಾ ನಂಬ್ದೆ ನಕ್ಬುಟ್ರು. ಆ ನಗು ತಡೀನಾರ್ದೆ ಮಾರನೇ ತಿಂಗ್ಳು ನಿನ್ ಹುಡುಕ್ಕಂಡ್ ಬಂದೆ. ಮೂವತ್ತೊಂದ್ ವರ್ಷ ಅಂಗೇ ಅಂದ್ಕಂಡು ಈ ಮನೇಲಿ ಉಂಡೆ.”

ತನ್ನ ಮನಸ್ಸು ಹಗುರ ಮಾಡಿಕೊಳ್ಳಲು ಹೋದ ನರಸಯ್ಯ, ಗೆಳೆಯ ಅಷ್ಟು ವರ್ಷ ಜೋಪಾನ ಮಾಡಿದ್ದ ನಂಬಿಕೆಯನ್ನು ಒಡೆದಿದ್ದ. ಶುಕೂರ ಎದ್ದ. “ಬತ್ತೀನಿ ತಂಗೀ” ಎಂದು ಒಳಗೆ ಕೂಗಿ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೋದ.

ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದೂ ಇಲ್ಲ. ಮೂರನೆಯ ವಾರ ನರಸಯ್ಯನೇ ಹೊರಟ. ಬೈಸಿಕೊಳ್ಳಲು ಸಿದ್ಧನಾಗಿಯೇ ಹೋದ. ದಾರಿಯುದ್ದಕ್ಕೂ ಶುಕೂರನ ಬಾಯಲ್ಲಿ ಬರಬಹುದಾದ ಬೈಗುಳವನ್ನೆಲ್ಲ ತಾನೇ ಅಂದುಕೊಂಡ, ಒಂದೆರಡು ಚೆನ್ನಾಗಿಯೂ ಇದ್ದವು. ಹೊಡೆದರೆ ಇನ್ನೂ ಒಳ್ಳೆಯದು, ಕೈ ಕಟ್ಟಿ ನಿಂತುಕೊಳ್ಳುತ್ತೇನೆ ಎಂದುಕೊಂಡ.

ನೂಲು ಬಿಚ್ಚುವ ಕೊಠಡಿಯ ಹಬೆಯೊಳಗಿನಿಂದ ಶುಕೂರ ತಲೆಯೆತ್ತಿದ. ಕೈ ಒರೆಸಿಕೊಂಡು ಬಂದ. ಪಕ್ಕದ ಅಂಗಡಿಯಿಂದ ಕುರ್ಚಿ ತಂದು, ಟವೆಲಿನಿಂದ ಕೊಡವಿ ಹಾಕಿದ.

“ಬನ್ನಿ ನರಸಯ್ಯನವ್ರೆ, ಕೂತ್ಕೊಳ್ಳಿ. ಮನೇಲೆಲ್ಲ ಚೆನ್ನಾಗಿದ್ದಾರಾ?”

ನರಸಯ್ಯ ಕೂತ. ಟೀ ಬಂತು, ಸಾಸರಿನ ಸಮೇತ. “ಬೈಯ್ಲಾ ಶುಕೂರ,” ಎಂದ ಅವನು. “ಒಂದ್ಸಲ ಬೈದ್ಬುಡು.”

“ಅಯ್ಯೋ, ನಿಮ್ಮನ್ ಯಾಕ್ ಬೈಯ್ಲಿ? ಟೀ ಆರೋಗ್ತೈತೆ, ಕುಡೀರಿ,” ಎಂದು ಶುಕೂರ ನಗುಮುಖದಿಂದಲೇ ಹೇಳಿ, ಅನುಮತಿ ಕೇಳಿ, ಮತ್ತೆ ಹಬೆಯೊಳಗೆ ಹೋದ.

ಮನೆಗೆ ಬಂದಾಗ ಅಂಬುಜಮ್ಮ ಬಾಗಿಲಲ್ಲೇ ಇದ್ದಳು. “ಬೈದ್ರಾ?”

“ಇಲ್ಲ.”

“ಹೊಡೆದ್ರಾ?”

“ಇಲ್ಲ ಕಣೆ. ಕುರ್ಚಿ ಹಾಕ್ಸಿ ಟೀ ಕೊಡ್ಸ್ದ. ‘ಕುಡೀರಿ’ ಅಂದ.”

ಅಂಬುಜಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. “ಅಂಗಾರೆ ಇನ್ ಬರಕಿಲ್ಲ ಬುಡಿ ಶುಕೂರಣ್ಣ,” ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.