ತಂಬಾಕು ಬಿಟ್ಟ ಬಾಯಿಗೆ ಮುದ್ದೇಬಿಹಾಳದ ಪೆಪ್ಪರಮೆಂಟು

ಪಾವು ಕಿಲೋ ಪೆಪ್ಪರಮೆಂಟಿಗೆ ಎಂಬತ್ತು ರೂಪಾಯಿ ಕೊಟ್ಟೆ. ಚೌಕಾಶಿ ಮಾಡಲಿಲ್ಲ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ಕೊತ್ತಂಬರಿ ಸಿವುಡಿಗೂ ಎರಡು ಸಲ ಹೋಗಿ ಬಂದು ಬೆಲೆ ಕೇಳುವವನು ನಾನು. ಆದರೆ ಅಂದು ತಂಬಾಕು ಬಿಟ್ಟು ಇನ್ನೂ ವಾರವಾಗಿರಲಿಲ್ಲ. ಬಾಯಿಗೆ ಏನಾದರೂ ಬೇಕಿತ್ತು, ಆಗಿಂದಾಗಲೇ ಬೇಕಿತ್ತು. ಅವಸರ ಇದ್ದವನ ಹತ್ತಿರ ಅಂಗಡಿಯವನು ಹೇಳಿದ್ದೇ ದರ. ಮಂದಿಯ ಅವಸರದ ಮೇಲೆಯೇ ಇಷ್ಟು ವರ್ಷ ಬದುಕಿದ ನನಗೆ ಇದು ಗೊತ್ತಿಲ್ಲದ್ದೇನಲ್ಲ.

ಎಡಗೆನ್ನೆಯ ಒಳಗೆ ಬಿಳಿ ಕಲೆ ಎದ್ದಿತ್ತು. ವಿಜಯಪುರದ ಹಲ್ಲಿನ ಡಾಕ್ಟರು ಕನ್ನಡಿ ಹಿಡಿದು ನನಗೇ ತೋರಿಸಿದರು. ಈಗಲೇ ತಂಬಾಕು ಬಿಟ್ಟರೆ ಹೋಗಬಹುದು, ಹೋಗದಿದ್ದರೆ ತುಣುಕು ಕತ್ತರಿಸಿ ಪರೀಕ್ಷೆಗೆ ಕಳಿಸಬೇಕಾಗುತ್ತದೆ, ಸ್ವಲ್ಪ ದಿನ ಬಿಟ್ಟು ಮತ್ತೆ ಬನ್ನಿ ಎಂದರು. ಬಸವನ ಬಾಗೇವಾಡಿಯ ಮನೆಗೆ ಬಂದ ಕೂಡಲೇ ಹೆಂಡತಿ ನನ್ನ ತಂಬಾಕಿನ ಡಬ್ಬಿಯನ್ನು ಗಟಾರಕ್ಕೆ ಎಸೆದಳು.

ಕಷ್ಟ ಬಾಯಿಗಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನದು ನಿಂಬೆ ವ್ಯಾಪಾರ. ಇಂಡಿ, ಸಿಂದಗಿ ಕಡೆಯ ತೋಟಗಳಿಗೆ ಹೋಗಿ, ಗಿಡದಲ್ಲಿರುವ ಕಾಯಿಯನ್ನು ಅಂದಾಜಿನ ಮೇಲೆ ಕೊಳ್ಳುತ್ತೇನೆ. ಬರಿಗೈಯಲ್ಲಿ ಶುರು ಮಾಡಿದ ಈ ದಂಧೆಯಲ್ಲಿ ನಾನು ಕಲಿತದ್ದೇನೆಂದರೆ, ಮೊದಲು ನಾವು ಬೆಲೆ ಹೇಳಬಾರದು. ತೋಟದವನು "ನೀವ ಹೇಳ್ರಿ" ಎಂದಾಗ ಅಂಗೈಗೆ ತಂಬಾಕು ಸುರುವಿ, ಸುಣ್ಣ ಹಚ್ಚಿ, ಹೆಬ್ಬೆರಳಿನಿಂದ ತಿಕ್ಕುತ್ತ ನಿಲ್ಲುತ್ತಿದ್ದೆ. ತಿಕ್ಕಿ, ತಟ್ಟಿ, ಧೂಳು ಊದಿ ದವಡೆಗೆ ಇಟ್ಟುಕೊಳ್ಳುವಷ್ಟರಲ್ಲಿ ಆತ ತಡೆಯಲಾರದೆ ತಾನೇ ಬೆಲೆ ಹೇಳಿಬಿಡುತ್ತಿದ್ದ. ತಂಬಾಕು ಹೋದ ಮೇಲೆ ಕೈಗೆ ಕೆಲಸವಿಲ್ಲ, ಬಾಯಿಗೆ ಬೀಗವಿಲ್ಲ. ಇಂಡಿಯ ಒಂದು ತೋಟದಲ್ಲಿ ಸಾಲು ಪೂರ್ತಿ ನೋಡುವ ಮೊದಲೇ ದರ ಹೇಳಿಬಿಟ್ಟೆ. ಆ ಮನುಷ್ಯ ಕೂಡಲೇ ಒಪ್ಪಿ ಕೈ ಕುಲುಕಿದ. ಅಷ್ಟು ಬೇಗ ಒಪ್ಪಿದನೆಂದರೆ ನಾನು ಮುಳುಗಿದೆ ಎಂದೇ ಅರ್ಥ. ಇನ್ನೆರಡು ವ್ಯಾಪಾರ ಹೀಗಾದರೆ ನಾನು ಮತ್ತೆ ಡಬ್ಬಿ ಕೊಳ್ಳುವುದು ಖಂಡಿತ ಅನ್ನಿಸಿತು.

ಮರುದಿನ ಕಾಯಿ ತುಂಬುವ ಹಳೆಯ ಕ್ರೇಟು ನೋಡಲು ಮುದ್ದೇಬಿಹಾಳಕ್ಕೆ ಹೊರಟೆ. ಬಸ್ಸಿನಲ್ಲಿ ಕೂತೆ, ಎದ್ದೆ, ಬಾಗಿಲ ಹತ್ತಿರ ನಿಂತೆ, ಮತ್ತೆ ಕೂತೆ. ಖಾಲಿ ಅಂಗೈಯನ್ನೇ ತಿಕ್ಕುತ್ತಿದ್ದೆ. ನಿಡಗುಂದಿಯಲ್ಲಿ ಹತ್ತಿದ ಅವ್ವನೊಬ್ಬಳು, ಕೈಗೆ ಕೊಬ್ಬರಿ ಎಣ್ಣಿ ಹಚ್ಚು ತಮ್ಮಾ, ತುರಿಕೆ ನಿಲ್ಲುತ್ತದೆ ಎಂದಳು.

ಹಳೇ ಬಜಾರಿನಲ್ಲಿ ಪುದೀನಾದ ಘಾಟು ಮೂಗಿಗೆ ಬಡಿಯಿತು. ವಯಸ್ಸಾದ ಮಿಠಾಯಿಗಾರರೊಬ್ಬರು ಬಿಸಿ ಪಾಕದ ಮುದ್ದೆಯನ್ನು ಗೋಡೆಯ ಕೊಂಡಿಗೆ ಹಾಕಿ ಎಳೆಯುತ್ತಿದ್ದರು. ಎಳೆದು, ಮಡಚಿ, ಮತ್ತೆ ಎಳೆದಂತೆ ಕಂದು ಪಾಕ ಹತ್ತಿಯಂತೆ ಬೆಳ್ಳಗಾಗುತ್ತಿತ್ತು. ಕತ್ತರಿಸಿ ಹರಡಿದ್ದರಲ್ಲಿ ಒಂದನ್ನು ಬಾಯಿಗೆ ಹಾಕಿಕೊಂಡೆ. ತಂಪು ಮೂಗಿಗೇರಿ ಕಣ್ಣಲ್ಲಿ ನೀರು ಬಂತು. ಕಟಮ್ ಎಂದು ಕಡಿದೆ. ಇನ್ನೊಂದು ತೆಗೆದುಕೊಂಡು ಅದನ್ನೂ ಕಡಿದೆ. ಅವರು ಎಳೆಯುವುದನ್ನು ನಿಲ್ಲಿಸಿದರು.

"ಹಲ್ಲೇನ್ ಬಾಡಿಗಿ ತಂದೀರೇನ್ರಿ? ಕಡೀಬ್ಯಾಡ್ರಿ. ದವಡ್ಯಾಗ ಇಟ್ಕೊಂಡ್ ಸುಮ್ನ ಕುಂದರ್ರಿ."

"ಕುಂದ್ರಾಕ ಆಗವಲ್ದು, ಅದಕ್ಕ ಬಂದೇನ್ರಿ ಚಾಚಾ."

ಅಂದು ಹೇಳಿದ ದರಕ್ಕೇ ಕೊಂಡೆ. ಎರಡನೇ ಸಲ ಹೋದಾಗ, ಐದು ಕಿಲೋ ಕೊಳ್ಳುತ್ತೇನೆ, ದರ ಇಳಿಸಿ ಎಂದು ಕೇಳಿಯೂ ನೋಡಿದೆ. ಕೊಡಲಿಲ್ಲ. ಅಷ್ಟೊಂದು ಒಯ್ದು ತೇವ ಕುಡಿದು ಅಂಟಿದರೆ ನೀವು ಬೈಯುವುದು ನನ್ನನ್ನೇ ಎಂದರು. ಪಾಕ ಹರಳುಗಟ್ಟದಿರಲು ಅವರು ನಿಂಬೆರಸ ಹಿಂಡುತ್ತಾರೆ. ಮುಂದಿನ ಸಲ ಒಂದು ಚೀಲ ಒಳ್ಳೆಯ ಕಾಯಿ ಒಯ್ದೆ, ರಿಯಾಯಿತಿಯ ಆಸೆಗೆ. ಆರಿಸಿ ತೆಗೆದುಕೊಂಡು ಬಜಾರಿನ ದರ ಕೈಗಿಟ್ಟರು. ಪೆಪ್ಪರಮೆಂಟು ಮಾತ್ರ ಎಂಬತ್ತೇ. ಅವರು ಪಾಕ ಎಳೆಯುತ್ತಲೇ ಇರುತ್ತಾರೆ, ಗಿರಾಕಿ ತಾನೇ ಮಾತಾಡಿ ತಾನೇ ಸೋಲುತ್ತಾನೆ.

ಸಿಂದಗಿಯ ತೋಟವೊಂದರಲ್ಲಿ ನಿಜವಾದ ಪರೀಕ್ಷೆ ಬಂತು. ಬೆಲೆಯ ಮಾತು ಬರುತ್ತಲೇ ತೋಟದವನು ತಾನೇ ತಂಬಾಕು ತಿಕ್ಕಿ ನನ್ನೆಡೆಗೆ ಅಂಗೈ ಚಾಚಿದ. "ಹಾಕ್ಕೋರಿ ಸಾವಕಾರ್ರ." ವಾಸನೆಗೆ ನನ್ನ ಬೆರಳುಗಳು ಆಗಲೇ ಮುಂದೆ ಹೋಗಿದ್ದವು. ಹಿಂದೆಳೆದುಕೊಂಡು ಪೆಪ್ಪರಮೆಂಟು ಬಾಯಿಗೆ ಹಾಕಿಕೊಂಡೆ. ಕಡಿಯಲಿಲ್ಲ. ಬಾಯಲ್ಲಿ ಏನು ಎಂದು ಆತ ಕೇಳಿದ. ಅವನಿಗೂ ಒಂದು ಕೊಟ್ಟೆ. ತಂಬಾಕು ಕೆಳಗೆ ಕೊಡವಿ ಅದನ್ನು ಹಾಕಿಕೊಂಡ. ಅಲ್ಲಿಗೆ ನನ್ನ ಉಪಾಯ ಕೆಟ್ಟಿತು. ಇಬ್ಬರ ಬಾಯಿಯೂ ಮುಚ್ಚಿದೆ, ಬೆಲೆ ಹೇಳುವವರಿಲ್ಲ. ನನ್ನ ಕಾಲು ನಿಂತಲ್ಲಿ ನಿಲ್ಲುತ್ತಿಲ್ಲ. ಒಂದು ಸಾಲು ನಡೆದು ಬಂದೆ, ಮತ್ತೊಂದು ನಡೆದೆ.

"ಇದು ಕರಗೂದ ಯಾವಾಗ್ರಿ? ನನಗ ಎಮ್ಮಿ ಹಿಂಡೂದೈತಿ," ಎಂದು ಕೊನೆಗೆ ಆತ ಗೊಣಗಿದ.

ಇಬ್ಬರೂ ನಕ್ಕೆವು. ನಗುವಿನ ನಡುವೆ ಬೆಲೆಯನ್ನು ಮೊದಲು ಯಾರು ಹೇಳಿದರೋ ನೆನಪಿಲ್ಲ. ನಾನು ಲೆಕ್ಕ ಹಾಕಿದ್ದಕ್ಕಿಂತ ತುಸು ಹೆಚ್ಚೇ ಹೋಯಿತು. ಆದರೆ ತಂಬಾಕಿಲ್ಲದೆ ನಾನು ನಷ್ಟವಾಗದಂತೆ ಮುಗಿಸಿದ ಮೊದಲ ವ್ಯಾಪಾರ ಅದು.

ಡಾಕ್ಟರು ಮತ್ತೆ ನೋಡಿದರು. ಕಲೆ ತೆಳುವಾಗಿದೆ, ಹೋಗಿಲ್ಲ. ಈಗ ಕತ್ತರಿಸುವುದು ಬೇಡ, ಬಿಟ್ಟದ್ದು ಬಿಟ್ಟೇ ಇರಲಿ ಎಂದರು.

ತಂಬಾಕು ಬಿಡಬೇಕೆನ್ನುವವರು ಕೇಳಿ. ಪೆಪ್ಪರಮೆಂಟು ಔಷಧವಲ್ಲ, ಕಲೆ ಕಂಡರೆ ಮೊದಲು ಡಾಕ್ಟರಿಗೆ ಬಾಯಿ ತೋರಿಸಿ. ಸಕ್ಕರೆ ಕಾಯಿಲೆ ಇದ್ದರೆ ಇದರ ಗೊಡವೆ ಬೇಡ, ಲವಂಗ ಸಾಕು. ಕೊಳ್ಳುವುದಾದರೆ ಬಿಸಿಲಿದ್ದ ದಿನ ಕೊಳ್ಳಿ, ಎರಡನ್ನು ತಾಗಿಸಿ ನೋಡಿ, ಟಣ್ ಎನ್ನಬೇಕು. ಗಾಜಿನ ಬಾಟಲಿಗೆ ಹಾಕಿ ಮುಚ್ಚಳ ಬಿಗಿ ಮಾಡಿ, ಫ್ರಿಜ್ಜಿನಲ್ಲಿ ಇಡಬೇಡಿ. ಎದುರಿನವನಿಗೆ ಕೊಡುವುದಿದ್ದರೆ ವ್ಯಾಪಾರ ಮುಗಿದ ಮೇಲೆ ಕೊಡಿ. ಮಲಗುವ ಮುಂಚೆ ಬಾಯಿ ಮುಕ್ಕಳಿಸಿ. ಹಲ್ಲು ಹುಳುಕಾದರೆ ಅದರ ಖರ್ಚು ಬೇರೆ.