ಉಡಿ ಒಡ್ಡುವವರು

ಆ ದಿನ ನಾನು ಅಂಗಡಿಗೆ ರಜೆ ಹಾಕಿ ಹೆಂಡತಿಯ ಜೊತೆ ಕಮಲಾಪುರಕ್ಕೆ ಹೋಗಿದ್ದೆ. ಊರಾಚೆಯ ಬಯಲಿನಲ್ಲಿ ಚಿಗರಿಗಳು, ಅಂದರೆ ಜಿಂಕೆಗಳು, ಕುಡಿಯಲೆಂದು ಕಟ್ಟಿಸಿದ ನೀರಿನ ತೊಟ್ಟಿ ಸೋರುತ್ತಿತ್ತು. ಬಿರುಕಿಗೆ ಸಿಮೆಂಟು ಮೆತ್ತುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅವಳು ಕೊಡೆ ಹಿಡಿದು ನಿಂತು, "ಅರಿವಿ ಹರಿಯೋ ಕೈಯಾಗ ಕರಣಿ ಛಂದ ಕಾಣ್ತದ ನೋಡ್ರಿ," ಎಂದು ನಕ್ಕಳು. ಕಲಬುರಗಿಯ ಗಾಜಿಪುರದ ಬಟ್ಟೆ ಅಂಗಡಿಯೊಂದರಲ್ಲಿ ಬಟ್ಟೆ ಅಳೆದು ಕೊಡುವವನು ನಾನು. "ನಗಬ್ಯಾಡ, ನಾಳೆ ಮತ್ತ ಸೋರಿದ್ರ ನೀನೇ ಬಂದು ಮೆತ್ತು," ಎಂದೆ. ಸಂಜೆ ಬಸ್ಸಿನಲ್ಲಿ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದಳು.

ಮರುದಿನ ಬೆಳಿಗ್ಗೆ ಬ್ರಹ್ಮಪುರದ ಮನೆಯಲ್ಲಿ ಹಾಲು ಕಾಯಿಸುತ್ತಿದ್ದವಳು ಎದೆ ಹಿಡಿದುಕೊಂಡು ನೆಲಕ್ಕೆ ಕುಳಿತಳು. ಆಟೊ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವಳ ಉಸಿರು ನಿಂತಿತ್ತು.

ಕಮಲಾಪುರದಲ್ಲಿ ಒಂದು ಸಣ್ಣ ಪ್ರತಿಷ್ಠಾನದ ಕೆಲಸವನ್ನು ಅವಳು ನೋಡಿಕೊಳ್ಳುತ್ತಿದ್ದಳು. ಮಕ್ಕಳಿಗೆ ಸಂಜೆ ಪಾಠ, ಮದುವೆಗೂ ಸಾವಿಗೂ ಕೊಡುವ ದೊಡ್ಡ ಪಾತ್ರೆಗಳು, ಬೇಸಿಗೆಯಲ್ಲಿ ಚಿಗರಿಗಳಿಗೆ ನೀರು, ಹುಡುಗಿಯರ ಖೋ ಖೋ. ಅವಳು ಹೋದ ಮೇಲೆ ಪ್ರತಿಷ್ಠಾನದ ಹಿರಿಯರು, ಬೇರೆಯವರು ಸಿಗುವ ತನಕ ನೀವು ನೋಡಿಕೊಳ್ಳಿ ಎಂದರು. ಒಪ್ಪಿಕೊಂಡೆ. ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ. ಅವಳ ಕೆಲಸ ನಿಲ್ಲದಿದ್ದರೆ ಅವಳು ಪೂರ್ತಿ ಹೋದಂತಾಗುವುದಿಲ್ಲ ಎಂದುಕೊಂಡಿದ್ದೆ.

ಪಾಠ ನಡೆಯಿತು. ಟ್ಯಾಂಕರು ಬಂದು ತೊಟ್ಟಿ ತುಂಬಿತು. ಪಾತ್ರೆಗಳು ಮನೆಯಿಂದ ಮನೆಗೆ ಹೋಗಿ ಬಂದವು. ಉಳಿದದ್ದು ಖೋ ಖೋ. ಕಲಬುರಗಿಯಲ್ಲಿ ಪಂದ್ಯವಿತ್ತು. ಕ್ರೀಡಾ ಹಾಸ್ಟೆಲಿಗೆ ಹುಡುಗಿಯರನ್ನು ಆರಿಸುವವರು ಅಲ್ಲಿಗೆ ಬರುವವರಿದ್ದರು. ನಮ್ಮ ತಂಡದ ನಾಯಕಿ ಓಡಿದರೆ ಕಣ್ಣಿಗೆ ನಿಲ್ಲುತ್ತಿರಲಿಲ್ಲ. ಮುಂದಿನ ವರ್ಷಕ್ಕೆ ಅವಳ ವಯಸ್ಸು ದಾಟಿಹೋಗುತ್ತಿತ್ತು.

ಹುಡುಗಿಯರನ್ನು ಊರು ಬಿಡಿಸಿ ಆಟಕ್ಕೆ ಕರೆದೊಯ್ಯಲು ನನ್ನ ಹೆಂಡತಿ ಒಂದು ದಾರಿ ಹಾಕಿಕೊಂಡಿದ್ದಳು. ಪ್ರತಿ ಮನೆಯ ಮುಂದೆ ಸೆರಗೊಡ್ಡಿ ನಿಲ್ಲುವಳು. ತಾಯಿ ಬಂದು ಅಕ್ಕಿ, ಕೊಬ್ಬರಿ, ಅರಿಶಿನ ಕೊಂಬು, ಖಣ ಹಾಕಿ ಅವಳ ಉಡಿ ತುಂಬುವಳು. ಆಮೇಲೆ ಮಗಳು ಜೀಪು ಹತ್ತುವಳು. ಉಡಿ ತುಂಬಿದ ಮೇಲೆ ಆ ಹುಡುಗಿ ಮರಳಿ ಬರುವ ತನಕ ನನ್ನ ಹೆಂಡತಿಯ ಮಗಳು. ತಂದೆಯಾಗಲಿ ಅಣ್ಣನಾಗಲಿ ಆ ಮಾತಿಗೆ ಎದುರಾಡಿದ್ದಿಲ್ಲ.

ನಾನು ಗಂಡಸು, ಉಡಿ ಒಡ್ಡುವಂತಿಲ್ಲ. ಅದಕ್ಕೇ ತಂಗಿಯನ್ನು ಕರೆದುಕೊಂಡು ಹೋದೆ. ಅವಳು ಶಾಲೆಯಲ್ಲಿ ಆಟದ ಟೀಚರು, ಖೋ ಖೋ ಚೆನ್ನಾಗಿ ಬಲ್ಲವಳು. ಗಂಡ ತೀರಿಕೊಂಡಾಗಿನಿಂದ ನಮ್ಮ ಮನೆಯಲ್ಲೇ ಇದ್ದಾಳೆ. ಪ್ರತಿ ದಸರೆಗೆ ನನ್ನ ಹೆಂಡತಿ ತಂಗಿಯನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬುತ್ತಿದ್ದಳು. ನೋಡಿ ನೋಡಿ ನನಗೆ ಅದು ರೂಢಿಯಾಗಿತ್ತು. ಹೊರಗೆ ವಿಧವೆಯ ಉಡಿ ತುಂಬುವುದಿಲ್ಲ ಎಂಬುದು ನನಗೆ ಮರೆತೇ ಹೋಗಿತ್ತು. ತಂಗಿಗೂ ಹೊಳೆಯಲಿಲ್ಲವೋ, ನನ್ನ ಮುಖ ನೋಡಿ ಸುಮ್ಮನೆ ಬಂದಳೋ ತಿಳಿಯದು.

ಮೊದಲು ನಾಯಕಿಯ ಮನೆಗೆ ಹೋದೆವು. ಹುಡುಗಿ ಜರ್ಸಿ ಹಾಕಿಕೊಂಡು, ಬೂಟು ಕಟ್ಟಿಕೊಂಡು ಹೊಸ್ತಿಲಲ್ಲೇ ನಿಂತಿದ್ದಳು. ತಾಯಿ ತಟ್ಟೆ ಹಿಡಿದು ಹೊರಬಂದಳು. ತಂಗಿ ಸೆರಗೊಡ್ಡಿದಳು. ತಾಯಿ ತಂಗಿಯ ಹಣೆ ನೋಡಿದಳು, ಕೊರಳು ನೋಡಿದಳು. ತಟ್ಟೆಯನ್ನು ತನ್ನ ಎದೆಗೆ ಅವುಚಿಕೊಂಡಳು.

ಒಳಗಿನಿಂದ ಅವಳ ಅತ್ತೆ ಕೂಗಿದಳು: "ಏನ್ ನಿಂತೀದಿ ಗ್ವಾಡಿಯಂಗ? ತುಂಬಿ ಕಳಸು, ಜೀಪು ನಿಂತದ." ಆಮೇಲೆ ತಾನೇ ಹೊರಬಂದು ನೋಡಿದಳು. ದನಿ ಇಳಿಯಿತು. "ಬರ್ರಿ, ಕೂಡ್ರಿ. ಚಾ ಕುಡೀರಿ."

ತಂಗಿ ಸೆರಗು ಬಿಟ್ಟಳು. "ಉಡಿ ಬ್ಯಾಡವ್ವ. ಹುಡುಗೀನ ಕಳಸು, ಅಷ್ಟ ಸಾಕು."

"ಹ್ಯಾಂಗ ಕಳಸ್ಲಿ ಅಕ್ಕಾ? ನಿಮ್ಮ ಮ್ಯಾಲ ಸಿಟ್ಟಿಲ್ಲ. ನಿಮ್ಮ ಅತ್ತಿಗಿ, ಆ ಅಕ್ಕಾರ ಉಡಿಯಾಗ ಹಾಕಿದ್ರ ನಾ ನಿಶ್ಚಿಂತಿಯಿಂದ ಮಲಗ್ತಿದ್ದೆ. ಈಗ ಯಾರ ಉಡಿಯಾಗ ಹಾಕ್ಲಿ?" ಎಂದಳು ತಾಯಿ.

"ಯವ್ವಾ, ಅವರು ನೋಡಾಕ ಬರೋದು ಇವತ್ತ ಒಂದ ದಿನ!" ಎಂದಳು ಹುಡುಗಿ.

"ಬಾಯಿ ಮುಚ್ಚು. ಬೂಟು ಬಿಚ್ಚು," ಎಂದಳು ತಾಯಿ.

ನಾನು ಕೈ ಮುಗಿದೆ. "ತಂಗೆವ್ವಾ, ಸಂಜಿಕ್ಕ ನಾನೇ ತಂದು ಬಿಡ್ತೀನಿ. ನನ್ನ ಮ್ಯಾಲ ಭರವಸಿ ಇಡು."

"ನೀವು ದ್ಯಾವರಂಥ ಮನಷ್ಯಾರ್ರಿ ಅಣ್ಣಾರ," ಎಂದಳು ಆ ತಾಯಿ. ಕಣ್ಣು ತುಂಬಿಕೊಂಡಿದ್ದಳು. "ಆದ್ರ ಅಕ್ಕಾರು ಇಲ್ಲಲ್ರಿ."

ಅವಳು ಇಲ್ಲ ಎಂದು ನನ್ನ ಮುಖಕ್ಕೇ ಯಾರಾದರೂ ಹೇಳಿದ್ದು ಅದೇ ಮೊದಲು. ಅಲ್ಲಿಯ ತನಕ ಬಂದವರೆಲ್ಲ ಪುಣ್ಯವಂತೆ, ಮುತ್ತೈದೆಯಾಗಿ ಹೋದಳು ಎನ್ನುತ್ತಿದ್ದರು.

ಸುದ್ದಿ ನಮಗಿಂತ ಮುಂದೆ ಓಡಿತ್ತು. ಮುಂದಿನ ಮನೆಗಳಲ್ಲಿ ತಟ್ಟೆಗಳೇ ಹೊರಬರಲಿಲ್ಲ. ಒಬ್ಬಳಿಗೆ ಜ್ವರವಂತೆ, ಇನ್ನೊಬ್ಬಳು ಸೋದರಮಾವನ ಊರಿಗೆ ಹೋದಳಂತೆ. ಕಡೆಗೆ ಉಡಿ ತುಂಬದೆಯೇ ಮನೆಯವರು ಕಳಿಸಿ, ಜೀಪಿನಲ್ಲಿ ಕುಳಿತವರು ನಾಲ್ವರೇ ಹುಡುಗಿಯರು. ಖೋ ಖೋ ಅಂಗಳಕ್ಕೆ ಇಳಿಯಲು ಒಂಬತ್ತು ಮಂದಿ ಬೇಕು. ಆದರೂ ಕಲಬುರಗಿಗೆ ಹೋದೆವು. ಯಾಕೆ ಹೋದೆವೋ. ಹಿಂತಿರುಗಿ ಹೋಗೋಣ ಎನ್ನಲು ನನ್ನಿಂದಾಗಲಿಲ್ಲ.

ಮೈದಾನದಲ್ಲಿ ತೀರ್ಪು ಕೊಡುವ ಪಂಚರು ನಮ್ಮ ತಂಡದ ಹೆಸರು ಕೂಗಿದರು. ನಾಲ್ವರೂ ಎದ್ದು ನಿಂತರು. ಪಂಚರು ಎಣಿಸಿ, ನನ್ನ ಕಡೆ ನೋಡಿ, ಎದುರು ತಂಡಕ್ಕೆ ಗೆಲುವು ಬರೆದುಕೊಂಡರು. ಆರಿಸಲು ಬಂದವರು ಆ ಹೊತ್ತಿಗೆ ಇನ್ನೊಂದು ಅಂಗಳದ ಕಡೆ ಹೊರಳಿದ್ದರು. ನಮ್ಮ ನಾಯಕಿಯ ಹೆಸರನ್ನು ನಾನೇ ಹೋಗಿ ಹೇಳಿದೆ, ಬಹಳ ಚೆನ್ನಾಗಿ ಓಡುತ್ತಾಳೆ ಎಂದೆ. "ಹುಡುಗಿ ಎಲ್ಲಿದಾಳ್ರಿ?" ಎಂದು ಕೇಳಿದರು. ಊರಲ್ಲಿ ಎಂದೆ. ಅವರೇನು ಮಾಡಿಯಾರು.

ಮರಳುವಾಗ ತಂಗಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. "ಬೈದಿದ್ರ ಛಲೋ ಇತ್ತಣ್ಣ. ಚಾ ಕೊಟ್ರಲ್ಲ," ಎಂದಳು. ಸಮಾಧಾನ ಹೇಳಬೇಕಾದ ಮಾತನ್ನೆಲ್ಲ ನಮ್ಮ ಮನೆಯಲ್ಲಿ ನನ್ನ ಹೆಂಡತಿ ಒಬ್ಬಳೇ ಹೇಳುತ್ತಿದ್ದಳು.

ಈಗ ಆ ನಾಯಕಿ ಸಂಜೆ ಪಾಠಕ್ಕೆ ಬರುತ್ತಾಳೆ, ಮೈದಾನದ ಕಡೆ ತಿರುಗಿ ನೋಡುವುದಿಲ್ಲ. ಹಿರಿಯರು ಎರಡು ಸಲ ಬೇರೆ ಹೆಣ್ಣುಮಕ್ಕಳನ್ನು ಕಳಿಸಿದರು. ಅವರ ಹಣೆಯಲ್ಲಿ ಕುಂಕುಮವಿತ್ತು, ಕೊರಳಲ್ಲಿ ತಾಳಿಯಿತ್ತು. ಇವರು ಯಾರೋ ಏನೋ ಎಂದು ತಾಯಂದಿರು ತಟ್ಟೆ ತರಲಿಲ್ಲ. ಕಮಲಾಪುರದ ಹುಡುಗಿಯರನ್ನು ಆಟಕ್ಕೆ ಕರೆದೊಯ್ಯಬಲ್ಲವರು ನಮಗೆ ಇನ್ನೂ ಸಿಕ್ಕಿಲ್ಲ.