ಸೊಲ್ಲು ಹಿಡಿಯುತ್ತಿದ್ದವಳು

ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಸಾಕೋ ಸಾಕಾಗುತ್ತದೆ. ಹರೆಯದಲ್ಲೂ ನನಗೆ ಉಸಿರು ಕಡಿಮೆಯೇ. ಆದರೂ ಅರವತ್ತರ ದಶಕದಲ್ಲಿ ಹೊಸನಗರದ ಸುತ್ತ ಮದುವೆಯೆಂದರೆ ಸೋಬಾನೆ ಹೇಳಲು ನನ್ನನ್ನೇ ಕರೆಯುತ್ತಿದ್ದರು. ಕಾರಣ ನನ್ನ ಗೆಳತಿ. ನಾನು ಸಾಲು ಎತ್ತಿಕೊಟ್ಟರೆ, ಅದು ಮುಗಿಯುವ ಮೊದಲೇ ಅವಳು ಕೊನೆಯ ಸೊಲ್ಲು ಹಿಡಿದು ಮುಂದಕ್ಕೆ ಎಳೆಯುತ್ತಿದ್ದಳು. ಅಷ್ಟರಲ್ಲಿ ನಾನು ಉಸಿರು ತುಂಬಿಕೊಳ್ಳಬೇಕು. ಎತ್ತಿದ ಹಾಡನ್ನು ನಡುವೆ ನಿಲ್ಲಿಸಿದರೆ ಮದುಮಗಳಿಗೆ ಒಳ್ಳೆಯದಲ್ಲ ಎಂಬ ನಂಬಿಕೆ ನಮ್ಮ ಕಡೆ. ಹಾಗಾಗಿ ಅವಳಿಲ್ಲದೆ ನಾನು ಯಾವ ಚಪ್ಪರಕ್ಕೂ ಹೋದವಳಲ್ಲ.

ತೀರ್ಥಹಳ್ಳಿ ಕಡೆಗೆ ನಡೆದು ಹೋಗಿದ್ದೇವೆ, ಸಾಗರಕ್ಕೆ ಬಸ್ಸಿನಲ್ಲಿ ನಿಂತೇ ಹೋಗಿದ್ದೇವೆ. ಅರಿಶಿಣ ಕುಟ್ಟುವುದಕ್ಕೊಂದು ಹಾಡು, ಹಸೆಗೆ ಕರೆಯುವುದಕ್ಕೊಂದು, ಮುನಿಸಿಕೊಂಡ ಬೀಗರನ್ನು ಊಟಕ್ಕೆ ಎಬ್ಬಿಸುವುದಕ್ಕೂ ಒಂದು. ಕಾಲು ಊದಿ, ಗಂಟಲು ಕಟ್ಟಿ ಹೋಗುತ್ತಿತ್ತು.

"ಇದೆಂತ ಕರ್ಮ ಮಾರಾಯ್ತಿ, ನನ್ ಮದ್ವೇಲೂ ಇಷ್ಟೊತ್ತು ಕೂತಿರ್ಲಿಲ್ಲ" ಎಂದು ಗೊಣಗುತ್ತಲೇ ಅವಳು ಮುಂದಿನ ಹಾಡಿಗೆ ತಯಾರಾಗುತ್ತಿದ್ದಳು.

ಅವಳ ಗಂಡ ಜ್ವರ ಬಂದು ತೀರಿಕೊಂಡ. ಗದ್ದೆಯ ನಟ್ಟಿಯಲ್ಲಿ ಅವಳು ಹಾಡಿದರೆ ಯಾರದೂ ತಕರಾರಿಲ್ಲ. ಮದುವೆಯ ಹಸೆಯ ಹತ್ತಿರ ಮಾತ್ರ ಗಂಡ ಸತ್ತವಳ ದನಿ ಕೇಳಬಾರದಂತೆ! ನನಗೆ ಮೈಯೆಲ್ಲ ಉರಿದುಹೋಯಿತು. ಹೋದ ಮನೆಗಳಲ್ಲೆಲ್ಲ ಜಗಳ ತೆಗೆದೆ. "ಅವ್ಳು ಕೂರ್ದಿದ್ರೆ ನಾನೂ ಬಾಯಿ ಬಿಡಲ್ಲ, ನೀವೇ ಹಾಡ್ಕಳಿ" ಎಂದೆ. ಕೆಲವರು ಬೈದು ಕಳಿಸಿದರು, ಒಂದೆರಡು ಮನೆಯವರು ಸೋತು ಸುಮ್ಮನಾದರು. ಊರು ನನ್ನನ್ನು ಬಜಾರಿ ಎಂದಿತು. ಒಳಗೊಳಗೆ ನನಗೆ ಹೆಮ್ಮೆಯೂ ಇತ್ತು, ಸುಳ್ಳೇಕೆ ಹೇಳಲಿ.

ಆಮೇಲೆ ನನ್ನ ಮಗಳ ಮದುವೆ ಬಂತು. ಗಂಡಿನವರು ಸಾಗರದ ಕಡೆಯವರು. ಗೆಳತಿ ನಾಲ್ಕು ದಿನ ಮೊದಲೇ ಬಂದು ಅಕ್ಕಿ ಕುಟ್ಟಿದಳು, ಗೋಡೆಗೆ ಕೆಮ್ಮಣ್ಣು ಬಳಿದಳು. ಮದುವೆಯ ಬೆಳಿಗ್ಗೆ ತಲೆ ಬಾಚಿ, ಒಗೆದ ಸೀರೆಯುಟ್ಟು ಚಪ್ಪರಕ್ಕೆ ಬಂದಳು. ಬೀಗರು ಇನ್ನೂ ಬಂದಿರಲಿಲ್ಲ, ಯಾರೂ ಏನೂ ಅಂದಿರಲಿಲ್ಲ. ನಾನೇ ಅಂದೆ: "ನೀನು ಒಳಗೆ ಅಡ್ಗೆ ನೋಡ್ಕಳೇ, ಅಲ್ಲಿ ಯಾರೂ ಇಲ್ಲ."

ಅಡುಗೆಮನೆಯಲ್ಲಿ ಆರು ಜನ ಇದ್ದರು. ಅದು ಅವಳಿಗೂ ಗೊತ್ತಿತ್ತು. "ಆಯ್ತು" ಎಂದು ಒಳಗೆ ಹೋದಳು.

ನಾದಿನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಡಿದೆ. ಸಣ್ಣ ಹಾಡುಗಳು ಹೇಗೋ ದಾಟಿದವು. ಹೆಣ್ಣು ಒಪ್ಪಿಸುವ ಹಾಡು ಉದ್ದ. ನಡುವೆ ನನ್ನ ಉಸಿರು ಮುಗಿಯಿತು. ನಾದಿನಿ ಸೊಲ್ಲು ಹಿಡಿಯದೆ ನನ್ನ ಬಾಯಿಯನ್ನೇ ನೋಡುತ್ತ ಕೂತಳು. ಹಾಡು ನಿಂತಿತು. ಮಗಳು ಹೆದರಿ ತಲೆ ಎತ್ತಿದಳು. ಒಳಗಿನಿಂದ ಅವಳು ಹಿಡಿಯುತ್ತಾಳೆ ಎಂದು ಕಾದೆ. ದೇವರಾಣೆಗೂ ಕಾದೆ. ಪಾತ್ರೆಯ ಸದ್ದು ಬಿಟ್ಟು ಏನೂ ಬರಲಿಲ್ಲ. ಕೊನೆಗೆ ವಾಲಗದವನು ಜೋರಾಗಿ ಊದಿ ಮಾನ ಉಳಿಸಿದ.

ದಿಬ್ಬಣ ಹೊರಟ ಮೇಲೆ ಹಿತ್ತಿಲಿಗೆ ಹೋದೆ. ಅವಳು ಹಂಡೆ ತಿಕ್ಕುತ್ತಿದ್ದಳು.

"ಕೇಳಿಸ್ಲಿಲ್ವೇನೇ ನಿಂಗೆ?" ಎಂದು ಕೂಗಾಡಿದೆ.

"ಕೇಳಿಸ್ತು. ಬಾಯೂ ತೆಗ್ದಿದ್ದೆ." ಅವಳು ಕೈ ನಿಲ್ಲಿಸಲಿಲ್ಲ. "ನಾಳೆ ಹುಡ್ಗಿಗೆ ಏನಾದ್ರೂ ಒಂದು ಆದ್ರೆ, ಮೊದ್ಲು ನನ್ ಕಡೆ ಕೈ ತೋರ್ಸೋಳು ನೀನೇ ಅನ್ನಿಸ್ತು. ಮುಚ್ಕಂಡೆ."

ಇಲ್ಲ ಕಣೇ, ಹಾಗೆಲ್ಲ ಮಾಡ್ತೀನಾ ನಾನು, ಎನ್ನಬೇಕಿತ್ತು. ಸೆರಗು ಸಿಕ್ಕಿಸಿಕೊಂಡು ಅವಳ ಪಕ್ಕದಲ್ಲಿ ಕೂತು, ನಾನೂ ಒಂದು ಹಂಡೆ ಎಳೆದುಕೊಂಡೆ.